ಕಣದ ಆಯ, ಮಗ್ಗದ ಮಜೂರಿ, ಮೇಸ್ತ್ರಿಯ ಮುಂಗಡ

ಮಾರ್ಚ್ ತಿಂಗಳು ಬಂದಿತೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರ ಧ್ವನಿಯೇ ಬದಲಾಗುತ್ತದೆ. ಬೆಂಗಳೂರು, ಪುಣೆಗಳಲ್ಲಿ ಯಾವ ಕಂಪನಿಯ ನೌಕರರೂ ಆಗದೆ ತಮ್ಮ ಕೆಲಸವನ್ನು ತಾವೇ ಒಪ್ಪಿಕೊಂಡು ಮಾಡಿಕೊಡುವವರು ಕೆಲವರು. ಮಂಗಳೂರು, ಗೋವೆಗಳಲ್ಲಿ ಕಟ್ಟಡದ ಕೆಲಸ ಹಿಡಿದವರು ಇನ್ನು ಕೆಲವರು. "ಸರ್, ವರ್ಷಪೂರ್ತಿ ದುಡಿದೆ, ಲೆಕ್ಕಕ್ಕೆ ಕುಳಿತರೆ ಉಳಿದದ್ದೇನೂ ಕಾಣವಲ್ದು" ಎಂಬ ಮಾತನ್ನು ಇವರೆಲ್ಲರ ಬಾಯಲ್ಲಿಯೂ ಕೇಳಿದ್ದೇನೆ. ಇಂಥವರಿಗೆ ಈಗ 'ಸ್ವತಂತ್ರ ಗುತ್ತಿಗೆದಾರರು' ಎಂಬ ಹೊಸ ಹೆಸರು ಬಂದಿದೆ. ಹೆಸರು ಹೊಸದಾದರೂ ಪದ ಹಳೆಯದು. ನಮ್ಮ ಮಧ್ಯಕಾಲದ ಶಾಸನಗಳಲ್ಲಿಯೇ 'ಗುತ್ತಗೆ' ಎಂಬುದು, ಇಂತಿಷ್ಟೆಂದು ಗೊತ್ತುಮಾಡಿದ ತೆರಿಗೆ ಅಥವಾ ಗೇಣಿ ಎಂಬ ಅರ್ಥದಲ್ಲಿ ಬರುತ್ತದೆ. ರೋಣ, ನರಗುಂದ, ಗಜೇಂದ್ರಗಡಗಳ ಈ ಎರೆನೆಲದಲ್ಲಿ ತಿಂಗಳ ಸಂಬಳವಿಲ್ಲದೆ ದುಡಿದವರು ತಮ್ಮ ವರ್ಷದ ಲೆಕ್ಕವನ್ನು ಯಾವಾಗ, ಯಾರ ಮುಂದೆ, ಯಾವ ಅಳತೆಯಲ್ಲಿ ಮಾಡಿಕೊಳ್ಳುತ್ತಿದ್ದರು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಇದರಲ್ಲಿ ನನ್ನ ಮನೆತನದ ಮಾತೂ ಸೇರಿಕೊಂಡಿದೆ. ನನ್ನ ತಂದೆ ಬಡಿಗತನ ಮಾಡುತ್ತಿದ್ದರೆಂಬುದನ್ನು ಬಂಧುಗಳೆಲ್ಲ ಬಲ್ಲರು. ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಅದು ತಿಳಿದಿರಲಿಕ್ಕಿಲ್ಲ.

ಊರೊಕ್ಕಲುತನಕ್ಕೆ ಬೇಕಾದ ಕೆಲಸಗಳನ್ನು ಮಾಡಿಕೊಡುವವರನ್ನು ಆಯಗಾರರೆಂದು ಕರೆಯುತ್ತಿದ್ದರು. ಮರಾಠಿಯ ಪ್ರಭಾವವಿದ್ದ ನಮ್ಮ ಭಾಗದಲ್ಲಿ 'ಬಾರಾ ಬಲುತಿ' ಎಂಬ ಮಾತೂ ಇತ್ತು. ಹನ್ನೆರಡು ಎಂಬುದು ಹೇಳಿಕೆಯ ಸಂಖ್ಯೆ. ಊರಿನಿಂದ ಊರಿಗೆ ಪಟ್ಟಿ ಬದಲಾಗುತ್ತಿತ್ತು. ಬಡಿಗ, ಕಮ್ಮಾರ, ಕುಂಬಾರ, ಅಗಸ, ಹಡಪದ, ಮಾದರ, ತಳವಾರ, ಜೋಯಿಸ, ಪೂಜಾರಿ ಇವರೆಲ್ಲ ಅದರಲ್ಲಿ ಬರುತ್ತಿದ್ದರು. ವಿಜಯನಗರದ ಕಾಲದ ಗ್ರಾಮವ್ಯವಸ್ಥೆಯನ್ನು ಪಾಠ ಮಾಡುವಾಗ ಈ ಆಯಗಾರ ಪದ್ಧತಿಯನ್ನು ನಾನು ನಿಮಗೆ ಕಲಿಸಿದ್ದೇನೆ. ಆಗ ಪಠ್ಯಪುಸ್ತಕದ ನಾಲ್ಕು ಸಾಲು ಓದಿಸಿ ಮುಂದೆ ಸಾಗುತ್ತಿದ್ದೆವು. ನಾನು ಹುಟ್ಟಿದ ಮನೆಯೇ ಆ ನಾಲ್ಕು ಸಾಲುಗಳೊಳಗಿನ ಮನೆ.

ಆಯಗಾರನಿಗೆ ಉಪಕರಣಗಳು ಸ್ವಂತದವು, ಕೆಲಸ ಹಲವು ಮನೆಗಳದು, ಸಂಬಳ ಯಾರದೂ ಇಲ್ಲ. ಒಕ್ಕಲಿಗನ ಮನೆಯಲ್ಲಿ ಎಷ್ಟು ಜೋಡಿ ಎತ್ತುಗಳಿವೆಯೋ ಅದರ ಮೇಲೆ ವರ್ಷದ ಆಯ ಗೊತ್ತಾಗುತ್ತಿತ್ತು. ಮಳೆಗಾಲಕ್ಕೆ ಮೊದಲು ರಂಟೆ, ಕುಂಟೆ, ಕೂರಿಗೆಗಳನ್ನು ಸಜ್ಜುಮಾಡಿ ಕೊಡುವುದು, ಬಿತ್ತನೆಯ ದಿನ ಕೂರಿಗೆಯ ತಾಳು ಮುರಿದರೆ ಊಟ ಬಿಟ್ಟು ಓಡುವುದು, ಚಕ್ಕಡಿಯ ಅರೆಕಾಲು ಸಡಿಲಾದರೆ ಬಿಗಿ ಮಾಡುವುದು, ಇವೆಲ್ಲ ಆಯದ ಕೆಲಸ. ಹೊಸ ಚಕ್ಕಡಿ, ಮನೆಯ ಬಾಗಿಲು, ತೊಲೆ ಕಂಬಗಳು ಆಯದೊಳಗೆ ಬರುತ್ತಿರಲಿಲ್ಲ. ಅವಕ್ಕೆ ಬೇರೆ ಮಾತು, ಬೇರೆ ರೊಕ್ಕ. ಈ ಗೆರೆ ಎಲ್ಲಿ ಮುಗಿಯುತ್ತದೆ ಎಂಬುದರ ಮೇಲೆಯೇ ಜಗಳಗಳು ಹುಟ್ಟುತ್ತಿದ್ದವು. ಹಳೆಯ ಕುಂಟೆಗೆ ಹೊಸ ದಿಂಡು ಹಾಕಿದರೆ ಅದು ದುರಸ್ತಿಯೋ, ಹೊಸ ಕುಂಟೆಯೋ? ಒಕ್ಕಲಿಗ ದುರಸ್ತಿ ಎನ್ನುತ್ತಿದ್ದ, ನಮ್ಮ ತಂದೆ ಹೊಸದೆನ್ನುತ್ತಿದ್ದರು.

ನಮ್ಮದು ಹಿಂಗಾರಿ ಪ್ರದೇಶ. ಬಿಳಿಜೋಳ ಕೊಯ್ದು ತೆನೆ ಮುರಿದು ಕಣಕ್ಕೆ ಬರುವುದು ಶಿವರಾತ್ರಿಯ ಆಚೀಚೆಗೆ. ಮೇಟಿಯ ಸುತ್ತ ಹಂತಿ ಕಟ್ಟಿ ತುಳಿಸಿ, ಗಾಳಿಗೆ ತೂರಿ, ರಾಶಿ ಮಾಡಿ ಪೂಜಿಸಿದ ಮೇಲೆ ಅಳೆಯಲು ಆರಂಭಿಸುತ್ತಾರೆ. ಮೊದಲ ಅಳತೆಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ; ಎಣಿಕೆ ಎರಡರಿಂದ ಮುಂದುವರಿಯುತ್ತದೆ. ದೇವರ ಪಾಲು ತೆಗೆದ ಮೇಲೆ ಆಯಗಾರರ ಸರದಿ. ನನ್ನ ತಾಯಿ ಬುಟ್ಟಿ ಹಿಡಿದು ಹೋಗುತ್ತಿದ್ದಳು, ನಾನು ಬೆನ್ನುಹತ್ತುತ್ತಿದ್ದೆ. ಅಳೆಯುವ ಸೇರು ಒಕ್ಕಲಿಗನ ಕೈಯಲ್ಲಿ. ಕಾಳು ಗೋಪುರದಂತೆ ಏರುವವರೆಗೂ ತುಂಬಿ ಹಾಕುವವರಿದ್ದರು, ಅಂಗೈಯಿಂದ ಬಾಯಿ ಸಮಕ್ಕೆ ಸವರಿ ಹಾಕುವವರೂ ಇದ್ದರು. ಲೆಕ್ಕದಲ್ಲಿ ಎರಡೂ ಒಂದೇ ಸೇರು. ತಾಯಿ ಬಾಯಿ ಬಿಟ್ಟು ಏನನ್ನೂ ಹೇಳುತ್ತಿರಲಿಲ್ಲ. ಮನೆಗೆ ಬಂದ ಮೇಲೆ ನಮ್ಮದೇ ಸೇರಿನಿಂದ ಮತ್ತೊಮ್ಮೆ ಅಳೆದು, ಯಾರ ಕಣ ಎಂಥದೆಂದು ತಂದೆಗೆ ವರದಿ ಒಪ್ಪಿಸುತ್ತಿದ್ದಳು.

ತಂದೆಯವರಿಗೆ ಓದು ಬರಹ ಬರುತ್ತಿರಲಿಲ್ಲ. ಪಡಸಾಲೆಯ ಗೋಡೆಯೇ ಅವರ ಖತಾವಣಿ. ಒಂದೊಂದು ಮನೆತನಕ್ಕೆ ಒಂದೊಂದು ಜಾಗ. ಕೆಮ್ಮಣ್ಣಿನಲ್ಲಿ ಅದ್ದಿದ ಬೆರಳಿನಿಂದ ಗೆರೆ ಎಳೆಯುತ್ತಿದ್ದರು. ಆಯದ ಹೊರಗಿನ ಕೆಲಸಕ್ಕೆ ಅಡ್ಡಗೆರೆ, ಬಂದ ಕಾಳಿಗೆ ಉದ್ದಗೆರೆ. ಯುಗಾದಿಗೆ ಗೋಡೆಗೆ ಸುಣ್ಣ ಹಚ್ಚುವ ಮೊದಲು ಲೆಕ್ಕ ತೀರಬೇಕು. ತೀರದಿದ್ದವರ ಗೆರೆಗಳಿದ್ದ ಅಷ್ಟು ಜಾಗವನ್ನು ಬಿಟ್ಟು ತಾಯಿ ಸುತ್ತಲೂ ಸುಣ್ಣ ಹಚ್ಚುತ್ತಿದ್ದಳು. ಬಿಳಿಯ ಗೋಡೆಯಲ್ಲಿ ಕಂಬಳಿಯ ತೇಪೆಯಂತೆ ಅವು ಕಾಣುತ್ತಿದ್ದವು. ಹಬ್ಬಕ್ಕೆ ಬಂದವರೆಲ್ಲ ಅದನ್ನು ನೋಡಿ, ಇದು ಯಾರ ಬಾಕಿ ಎಂದು ಊಹಿಸುತ್ತಿದ್ದರು. ಬಾಕಿದಾರನಿಗೂ ಸುದ್ದಿ ಮುಟ್ಟುತ್ತಿತ್ತು. ವಸೂಲಿಗೆ ಇದಕ್ಕಿಂತ ಸೌಮ್ಯವಾದ ದಾರಿಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆಯದ ಒಳ್ಳೆಯ ಗುಣವೆಂದರೆ, ಪೇಟೆಯಲ್ಲಿ ಜೋಳದ ಧಾರಣೆ ಏರಲಿ ಇಳಿಯಲಿ, ಮನೆಯ ಹಗೇವಿಗೆ ಬಂದ ಕಾಳು ರೊಟ್ಟಿಯಾಗುತ್ತಿತ್ತು. ಹೀಗೆಂದು ಆ ಕಾಲವನ್ನು ಹೊಗಳುತ್ತ ಕೂಡುವವರ ಜೊತೆ ನಾನು ಸೇರಲಾರೆ. ಕಣದ ಸರದಿಯಲ್ಲಿ ಕಡೆಗೆ ನಿಲ್ಲುತ್ತಿದ್ದವರು ಮಾದರ ಕುಟುಂಬದವರು. ಮಿಣಿ, ಬಾರಕೋಲು, ಕಾಲ್ಮರಿಗಳನ್ನು ಅವರು ಒದಗಿಸದಿದ್ದರೆ ಎತ್ತು ಹೊಲಕ್ಕೆ ಹೋಗುತ್ತಿರಲಿಲ್ಲ. ಸತ್ತ ದನ ಸಾಗಿಸುವುದರಿಂದ ಹಿಡಿದು ಕಣ ಕಾಯುವವರೆಗೆ ಎಲ್ಲ ಬಿಟ್ಟಿ ಚಾಕರಿಯೂ ಅವರದೇ. ಅಷ್ಟಾಗಿಯೂ ಅವರಿಗೆ ಸಿಕ್ಕುತ್ತಿದ್ದುದು ಬಹುಪಾಲು ರಾಶಿಯ ತಳದ ಮಣ್ಣು ಬೆರೆತ ಕಾಳು. ನನ್ನ ತಂದೆ ಸವರಿದ ಸೇರಿನ ಬಗ್ಗೆ ಗೊಣಗಬಹುದಾಗಿತ್ತು, ಒಂದು ಮನೆಯ ಕೆಲಸವನ್ನು ಎಂಟು ದಿನ ಮುಂದೂಡಿ ಸಿಟ್ಟು ತೀರಿಸಿಕೊಳ್ಳಬಹುದಾಗಿತ್ತು. ಅವರಿಗೆ ಅದೂ ಸಾಧ್ಯವಿರಲಿಲ್ಲ. ಕೆಲಸವನ್ನು ಬೇಡವೆನ್ನುವ ಹಕ್ಕಿಲ್ಲದವನ ಒಪ್ಪಂದವನ್ನು ಗುತ್ತಿಗೆಯೆಂದು ಹೇಗೆ ಕರೆಯುವುದು?

ಈ ಪ್ರಶ್ನೆಯನ್ನು ಶಾಸನಸಭೆಯಲ್ಲಿ ಎತ್ತಿದವರು ಡಾ. ಅಂಬೇಡ್ಕರ್. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆಗೆ ತಿದ್ದುಪಡಿ ಬಯಸಿ 1928ರ ಮಾರ್ಚ್ 19ರಂದು ಅವರು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಸೂದೆ ಮಂಡಿಸಿದರು. ಮಹಾರ ವತನದಾರರು ಸರಕಾರದ ಚಾಕರಿಯನ್ನು ಹಗಲಿರುಳು ಮಾಡುತ್ತಾರೆ, ಕೂಲಿಯನ್ನು ಮಾತ್ರ ಊರಿನವರ ದಯೆಗೆ ಬಿಡಲಾಗಿದೆ, ಮುನಿಸು ಬಂದಾಗ ಊರು ಆ ಬಲುತೆಯನ್ನೇ ನಿಲ್ಲಿಸುತ್ತದೆ ಎಂಬುದು ಅವರ ವಾದದ ತಿರುಳು. ಮಸೂದೆ ಕಾಯಿದೆಯಾಗಲಿಲ್ಲ, ಮರುವರ್ಷ ಅವರು ಅದನ್ನು ಹಿಂತೆಗೆದುಕೊಂಡರು. ಅಂದಿನ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಅದು ನಮ್ಮ ಕಣಗಳಿಗೂ ಸಂಬಂಧಿಸಿದ ಮಾತಾಗಿತ್ತು.

ಇನ್ನು ರೊಕ್ಕದ ಮಾತಿಗೆ ಬರೋಣ. ಅವಿಭಜಿತ ರೋಣ ತಾಲ್ಲೂಕಿನ ಸೂಡಿ ಗ್ರಾಮದ ಜೋಡು ಕಳಸದ ಗುಡಿಯನ್ನು ಪ್ರವಾಸದಲ್ಲಿ ನೀವೆಲ್ಲ ನೋಡಿದ್ದೀರಿ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ ಆಳಿದ ಕಿಸುಕಾಡು ಎಪ್ಪತ್ತರ ಮುಖ್ಯ ಊರು ಅದು; ಅಲ್ಲಿ ಟಂಕಸಾಲೆಯೂ ಇತ್ತು. ನಾಣ್ಯ ಅಚ್ಚು ಹಾಕಿದ ಊರಿನ ಸುತ್ತಮುತ್ತಲೇ ಸಾವಿರ ವರ್ಷಗಳಾದರೂ ಕುಂಬಾರನ ಕೂಲಿ ಕಾಳಿನಲ್ಲಿಯೇ ಉಳಿದಿತ್ತು.

ಅದು ಅಲುಗಾಡಿದ್ದು ಹತ್ತಿಯಿಂದ. 1840ರ ದಶಕದಲ್ಲಿ ಇಂಗ್ಲಿಷರು ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯನ್ನು ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ ಬೆಳೆಸಿದರು. ಆ ಹತ್ತಿಯನ್ನು ಬಿಡಿಸಲು ಗರಗಸದ ಹಲ್ಲುಗಳ ಜಿನ್ ಬೇಕು. ಧಾರವಾಡದಲ್ಲಿ ಅದನ್ನು ತಯಾರಿಸುವ, ದುರಸ್ತಿ ಮಾಡುವ ಕಾರ್ಖಾನೆಯೇ ನಿಂತಿತು. ಬಡಿಗರಿಗೂ ಕಮ್ಮಾರರಿಗೂ ಕಣದ ಹಂಗಿಲ್ಲದ, ರೊಕ್ಕದ ಕೆಲಸ ಹುಟ್ಟಿದ್ದು ಹೀಗೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಧಾರಣೆ ಮುಗಿಲಿಗೇರಿತು, ಅದರೊಂದಿಗೆ ಕುಶಲಕರ್ಮಿಯ ಮಜೂರಿಯೂ ಏರಿತು. ಯುದ್ಧ ಮುಗಿದೊಡನೆ ಧಾರಣೆ ಕುಸಿಯಿತು. ಎಲ್ಲಿಯೋ ಏಳು ಸಮುದ್ರದಾಚೆ ನಡೆದ ಕಾದಾಟ ನಮ್ಮ ಊರಿನ ಬಡಿಗನ ವರ್ಷದ ಲೆಕ್ಕವನ್ನು ತಿದ್ದಿದ್ದು ಅದೇ ಮೊದಲಿರಬೇಕು.

ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಧಾತು ಸಂವತ್ಸರದ ಬರ ಬಂದಿತು. 1876ರಲ್ಲಿ ಮುಂಗಾರು ಹಿಂಗಾರು ಎರಡೂ ಕೈಕೊಟ್ಟವು. ಆಯ ಒಳ್ಳೆಯದೋ ಮಜೂರಿ ಒಳ್ಳೆಯದೋ ಎಂಬ ಚರ್ಚೆಗೆ ಆ ವರ್ಷವೇ ಕ್ರೂರವಾದ ಉತ್ತರ ಕೊಟ್ಟಿತು. ರಾಶಿಯಿಲ್ಲದ ಕಣದಲ್ಲಿ ಆಯವೆಲ್ಲಿ? ಕೂರಿಗೆ ಕಟ್ಟದ ವರ್ಷ ಬಡಿಗನನ್ನು ಕರೆಯುವವರಾರು? ಮಜೂರಿಯವನ ಗತಿಯೂ ಅದೇ. ಹೊಟ್ಟೆಗಿಲ್ಲದವರು ಸೀರೆ ಕೊಳ್ಳುವುದಿಲ್ಲವಾದ್ದರಿಂದ ನೇಕಾರನ ಮಗ್ಗ ನಿಂತಿತು. ಹೊಲವಿದ್ದವನಿಗೆ ಮುಂದಿನ ಮಳೆಯ ಆಸೆಯ ಮೇಲಾದರೂ ಸಾಲ ಹುಟ್ಟುತ್ತಿತ್ತು. ಕೈಕಸುಬಿನವನ ಹತ್ತಿರ ಒತ್ತೆಯಿಡಲು ಉಳಿ ಬಾಚಿಗಳ ಹೊರತು ಏನಿತ್ತು? ಲಾಳಿ ಹಿಡಿದ ಕೈಗಳು ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯಬೇಕಾಯಿತು. ಸರ್ ರಿಚರ್ಡ್ ಟೆಂಪಲ್ ಅಂದಿನ ಕಾಮಗಾರಿಗಳಿಗೆ ಗೊತ್ತುಮಾಡಿ ಕುಖ್ಯಾತವಾದ ಕೂಲಿ, ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಕೈಗೆ ಚಿಲ್ಲರೆ ಕಾಸು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷದಷ್ಟು ಇಳಿದಿತ್ತು. 1880ರ ಕ್ಷಾಮ ಆಯೋಗದ ತರುವಾಯ ರೂಪುಗೊಂಡ ಕ್ಷಾಮ ಸಂಹಿತೆಗಳಲ್ಲಿ ನೇಕಾರರಿಗೆ ಅವರ ಕಸುಬಿನಲ್ಲಿಯೇ ಕೆಲಸ ಕೊಡಬಹುದೆಂಬ ವಿಚಾರ ಸೇರಿಕೊಂಡಿತು. ಸತ್ತವರಿಗೆ ಅದರಿಂದೇನೂ ಆಗಲಿಲ್ಲ.

ಗಜೇಂದ್ರಗಡದ ನೇಕಾರರ ವರ್ಷ ನಮ್ಮ ವರ್ಷಕ್ಕಿಂತ ಬೇರೆ. ಆ ಊರು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಅಲ್ಲಿಯವರೆಗೆ ರೋಣದಲ್ಲಿಯೇ ಇತ್ತು. ಇತಿಹಾಸದ ವಿದ್ಯಾರ್ಥಿಗಳಿಗೆ ಅದು 1787ರ ಒಪ್ಪಂದದ ಊರು, ಟಿಪ್ಪುವೂ ಮರಾಠರೂ ಕದನ ನಿಲ್ಲಿಸಿದ ಊರು. ಹೆಣ್ಣುಮಕ್ಕಳಿಗೆ ಅದು ಸೀರೆಯ ಊರು. ಪಟ್ಟೇದಂಚಿನ ನೂಲಿನ ಸೀರೆ ಗಟ್ಟಿಮುಟ್ಟು. ಹೊಲದ ಕೆಲಸಕ್ಕೂ ತಾಳುತ್ತದೆ, ಹಬ್ಬಕ್ಕೂ ಒದಗುತ್ತದೆ. ಅಲ್ಲಿ ಒಂದು ಅವಧಿಗೆ ಪಾಠ ಹೇಳಿದ ದಿನಗಳಲ್ಲಿ ಕೆಲವು ಓಣಿಗಳಲ್ಲಿ ನಡೆಯುತ್ತಿದ್ದರೆ ಕುಣಿಮಗ್ಗದ ಸಪ್ಪಳ ಒಂದು ಮನೆಯಿಂದ ಇನ್ನೊಂದು ಮನೆಗೆ ನಮ್ಮನ್ನು ದಾಟಿಸುತ್ತಿತ್ತು.

ಮಗ್ಗ ನೇಕಾರನದು, ಮನೆಯೂ ಅವನದೇ; ನೂಲು ಮಾತ್ರ ಮಾಲೀಕನದು. ಹಾಸು ಹೊಕ್ಕಿನ ನೂಲನ್ನು ತೂಕ ಮಾಡಿ ಕೊಡುತ್ತಾನೆ, ನೆಯ್ದ ಸೀರೆಯನ್ನು ತೂಕ ಮಾಡಿ ತೆಗೆದುಕೊಳ್ಳುತ್ತಾನೆ, ಸೀರೆಗೆ ಇಷ್ಟೆಂದು ಮಜೂರಿ. ಮಳೆಗಾಲದ ತೇವದಲ್ಲಿ ನೂಲು ಕಡಿದರೆ ಆ ಹೊತ್ತು ನೇಕಾರನದು. ಬೆಳಗಿನಿಂದ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುವ ಹೆಂಡತಿ, ಶಾಲೆಗೆ ತಡವಾಗಿ ಬರುತ್ತಿದ್ದ ಮಗಳು, ಇವರ ದುಡಿಮೆಗೆ ಆ ಮಜೂರಿಯಲ್ಲಿ ಬೇರೆ ಕಲಮು ಇರಲಿಲ್ಲ. ಆ ಹುಡುಗಿಯರನ್ನು ತಡವಾಗಿ ಬಂದುದಕ್ಕೆ ನಾನು ಎಂದೂ ಹೊರಗೆ ನಿಲ್ಲಿಸಲಿಲ್ಲವೆಂದು ಸಹೋದ್ಯೋಗಿಗಳು ಆಕ್ಷೇಪಿಸುತ್ತಿದ್ದರು.

ಮಾಲೀಕನ ವರ್ಷ ದೀಪಾವಳಿಗೆ ಮುಗಿಯುತ್ತದೆ. ಪಾಡ್ಯಕ್ಕೆ ಹೊಸ ಕಿರ್ದಿ ಖತಾವಣಿಗಳಿಗೆ ಪೂಜೆ. ಅದಕ್ಕೆ ಮುಂಚೆ ನೇಕಾರನ ಹೆಸರಿನಲ್ಲಿರುವ ಜಮಾ ಖರ್ಚು ಓದಲಾಗುತ್ತದೆ: ಮಗಳ ಮದುವೆಗೆ ಪಡೆದದ್ದು, ಆಸ್ಪತ್ರೆಗೆ ಪಡೆದದ್ದು, ನೂಲಿನ ತೂಕದಲ್ಲಿ ಬಂದ ಕಸರು. ಹಿಂದೆ ಆ ಪುಸ್ತಕಗಳು ಮೋಡಿ ಲಿಪಿಯಲ್ಲಿರುತ್ತಿದ್ದವು; ಓದುವವನು ಹೇಳಿದ್ದೇ ಲೆಕ್ಕ. ಬಾಕಿ ಉಳಿದರೆ ಹೊಸ ಪುಸ್ತಕದ ಮೊದಲ ಪುಟಕ್ಕೆ ಹೋಗುತ್ತದೆ, ಬಾಕಿ ತೀರುವವರೆಗೆ ಬೇರೆ ಮಾಲೀಕನ ನೂಲು ಮುಟ್ಟುವಂತಿಲ್ಲ. ಇಂಥ ಕಟ್ಟನ್ನು ಸಡಿಲಿಸಲು ಸಹಕಾರದ ದಾರಿಯನ್ನು ನಮ್ಮ ಪಕ್ಕದವರೇ ತೋರಿದ್ದರು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ದೇಶಕ್ಕೇ ಮೊದಲಿನದು. ಹೊಲವಿದ್ದವರಿಗೆ ಅದರಿಂದ ದಾರಿಯಾಯಿತು. ನೂಲನ್ನು ನಂಬಿದವರಿಗೆ, ಉಳಿಯನ್ನು ನಂಬಿದವರಿಗೆ ಸಾಲ ಕೊಡುವ ಧೈರ್ಯ ಬಹಳ ಕಾಲ ಯಾರಿಗೂ ಬರಲಿಲ್ಲ.

ಒಂದೇ ಬಿಸಿಲಿನಡಿ ಎಷ್ಟು ವರ್ಷಗಳು ನೋಡಿ. ಒಕ್ಕಲಿಗನದೂ ಅವನ ಮನೆಯ ವರ್ಷದಾಳಿನದೂ ಯುಗಾದಿಯಿಂದ ಯುಗಾದಿಗೆ. ಆಳಿಗೆ ಇಷ್ಟು ಜೋಳ, ಇಷ್ಟು ರೊಕ್ಕ, ಒಂದು ಕಂಬಳಿ, ಒಂದು ಜೋಡು ಕಾಲ್ಮರಿ ಎಂದು ಅಂದೇ ಮಾತಾಗುತ್ತಿತ್ತು. ಅಂಗಡಿಕಾರನದು ದೀಪಾವಳಿಯಿಂದ ದೀಪಾವಳಿಗೆ. ಸರಕಾರದ್ದು 1867ರಿಂದ ಏಪ್ರಿಲ್ ಒಂದರಿಂದ ಮಾರ್ಚ್ ಮೂವತ್ತೊಂದಕ್ಕೆ. ದುಡಿಯುವವನು ತನ್ನದೇ ಆದ ವರ್ಷವನ್ನು ಎಂದೂ ಗೊತ್ತುಮಾಡಿಕೊಂಡವನಲ್ಲ. ಕೊಡುವವನ ವರ್ಷ ಮುಗಿದಾಗ ಅವನದೂ ಮುಗಿಯುತ್ತಿತ್ತು.

ನಾನು ಬಿ.ಎಡ್. ಮುಗಿಸಿ ಮಾಸ್ತರನಾಗಿ ಮೊದಲ ಸಂಬಳ ತಂದು ತಂದೆಯವರ ಕೈಗಿಟ್ಟಾಗ ಅವರು ಅದನ್ನು ಎಣಿಸಲಿಲ್ಲ. "ತಮ್ಮಾ, ಮಳಿ ಆಗ್ಲಿ ಬಿಡ್ಲಿ, ತಿಂಗಳಾ ಇಷ್ಟ ಬರ್ತೈತೇನು?" ಎಂದು ಕೇಳಿದರು. ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನೀ ಯಾರ ಕಣಕ್ಕೂ ಹೋಗಂಗಿಲ್ಲ" ಎಂದರು. ಅದು ಸಂತೋಷದ ಮಾತೋ, ಒಂದು ಸಂಬಂಧ ಹರಿಯಿತೆಂಬ ಮಾತೋ ನನಗೆ ಇಂದಿಗೂ ಬಗೆಹರಿದಿಲ್ಲ.

ಅಷ್ಟರಲ್ಲಿ ಕಣಗಳೇ ಕಡಿಮೆಯಾಗತೊಡಗಿದ್ದವು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟೆಯಾಗಿ 1970ರ ದಶಕದಲ್ಲಿ ನರಗುಂದದ ಕಡೆಗೆ ಕಾಲುವೆಗಳು ಬಂದವು. ಧಾರವಾಡದ ಕೃಷಿ ವಿಜ್ಞಾನಿ ಕಟರ್ಕಿಯವರು 1972ರಲ್ಲಿ ಹೊರತಂದ ವರಲಕ್ಷ್ಮಿ ಹತ್ತಿ ಹೊಲಗಳಿಗೆ ನುಗ್ಗಿತು. ಜೋಳ ಹಿಂದೆ ಸರಿಯಿತು. ಹತ್ತಿಗೆ ಕಣವಿಲ್ಲ, ರಾಶಿಯಿಲ್ಲ. ಅಂಡಿಗೆ ತುಂಬಿ ನೇರ ಪೇಟೆಗೆ ಹೋಗುತ್ತದೆ, ಬೆಲೆ ರೊಕ್ಕವಾಗಿ ಬರುತ್ತದೆ. ಆಯ ಕೊಡಲು ಮನಸ್ಸಿದ್ದವನಲ್ಲಿಯೂ ಕೊಡಲು ಕಾಳಿರಲಿಲ್ಲ. ಆಯ ಸತ್ತದ್ದು ಟ್ರ್ಯಾಕ್ಟರಿನಿಂದ ಎಂದು ಎಲ್ಲರೂ ಹೇಳುತ್ತಾರೆ. ನಾನು ಕಂಡಂತೆ ಹತ್ತಿ ಮೊದಲು ಬಂದಿತು, ಟ್ರ್ಯಾಕ್ಟರು ಆಮೇಲೆ ಬಂದು ಮಣ್ಣು ಮುಚ್ಚಿತು. ರೊಕ್ಕದ ಬೆಳೆಗೆ ತಿರುಗಿದ ರೈತನೂ ಸುಖಪಡಲಿಲ್ಲ. ಧಾರಣೆ ಬಿದ್ದ ಕಾಲದಲ್ಲಿಯೇ, ಸರಿಯಾಗಿ ನೀರು ಕಾಣದ ಹೊಲಗಳಿಗೂ ಸರಕಾರ ಅಭಿವೃದ್ಧಿ ಕರ ಕೇಳಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬಂಡೆದ್ದು ಗೋಲಿಬಾರಿನಲ್ಲಿ ಪ್ರಾಣ ತೆತ್ತರು. ಆ ಹುತಾತ್ಮರ ಹೆಸರಿನ ಸಭೆಗಳು ಇಂದಿಗೂ ಪ್ರತಿವರ್ಷ ನಡೆಯುತ್ತವೆ. ರೈತನ ಬಾಕಿಗೆ ಬೀದಿಯಿತ್ತು, ಸಂಘವಿತ್ತು. ಅವನನ್ನು ನಂಬಿದ್ದ ಬಡಿಗನ ಬಾಕಿ ಗೋಡೆಯ ಮೇಲೆಯೇ ಉಳಿಯಿತು.

ನಮ್ಮ ಓಣಿಯ ಬಡಿಗರ ಮಕ್ಕಳು, ಮಾದರ ಕೇರಿಯ ಮಕ್ಕಳು, ತಾಂಡಾದ ಮಕ್ಕಳು ಒಂದೇ ಬಸ್ಸಿನಲ್ಲಿ ಗುಳೆ ಹೊರಟರು. ಗಜೇಂದ್ರಗಡ, ರೋಣಗಳಿಂದ ಮಂಗಳೂರು, ಉಡುಪಿ, ಗೋವೆಗಳಿಗೆ ಹೋದ ಇವರಲ್ಲಿ ಗಾರೆ, ಸೆಂಟ್ರಿಂಗ್ ಕಲಿತ ಚುರುಕಿನವರು ಮೇಸ್ತ್ರಿಗಳಾದರು. ಮೇಸ್ತ್ರಿ ಎಂದರೆ ಇಂದಿನ ಅರ್ಥದ ಗುತ್ತಿಗೆದಾರ. ಚದರಡಿಗೆ ಇಷ್ಟೆಂದು ಮೇಲಿನವನಿಂದ ಕೆಲಸ ಹಿಡಿಯುತ್ತಾನೆ. ಊರಿನಿಂದ ಹತ್ತು ಜನರನ್ನು ಮುಂಗಡ ಕೊಟ್ಟು ಕರೆದೊಯ್ಯುತ್ತಾನೆ. ನನ್ನ ವಿದ್ಯಾರ್ಥಿಯೊಬ್ಬ ತನ್ನ ನೋಟುಬುಕ್ಕನ್ನು ನನಗೆ ತೋರಿಸಿದ್ದ. ಗಣಿತದಲ್ಲಿ ಎಂದೂ ಮೂವತ್ತೈದು ದಾಟದ ಹುಡುಗ. ಎಡಗಡೆಗೆ ಬರಬೇಕಾದದ್ದು, ಬಲಗಡೆಗೆ ಕೊಟ್ಟದ್ದು, ತಾಳೆ ಬೀಳುತ್ತಿತ್ತು. ಮೇಲಿನವನು ಕಡೆಯ ಕಂತನ್ನು ಆರು ತಿಂಗಳಿಂದ ಕೊಟ್ಟಿರಲಿಲ್ಲ. ಇವನು ಮಾತ್ರ ಯುಗಾದಿಗೆ ಊರಿಗೆ ಹೊರಟ ಹತ್ತೂ ಜನರಿಗೆ ಕೊಟ್ಟು ಮುಗಿಸಿದ್ದ, ಹೆಂಡತಿಯ ತಾಳಿಸರ ಒತ್ತೆಯಿಟ್ಟು. "ಅವರು ನಮ್ಮೂರವ್ರಲ್ರೀ ಸರ್, ಮುಖ ತೋರಸ್ಬೇಕಲ್ರೀ" ಎಂದ. ಮೇಲಿನವನಿಗೆ ಮುಖ ತೋರಿಸಬೇಕಾದ ಊರು ಇರಲಿಲ್ಲ.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕೇಂದ್ರದ ಕಾನೂನು, ಕಲ್ಯಾಣ ನಿಧಿಯ ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಕೇಳಿತು. ಮುನ್ನೂರು ದಿನ ದುಡಿದವರು ತೊಂಬತ್ತು ದಿನದ ಕಾಗದಕ್ಕಾಗಿ ಅಲೆದದ್ದನ್ನು ನಾನು ಕಂಡಿದ್ದೇನೆ. ಅರ್ಜಿ ಬರೆದುಕೊಟ್ಟವರಲ್ಲಿ ನಾನೂ ಒಬ್ಬ. ಇತ್ತೀಚೆಗೆ, 2025ರಲ್ಲಿ, ಮೊಬೈಲಿನ ಮೂಲಕ ಕೆಲಸ ಹಿಡಿದು ಊಟ, ಸಾಮಾನು ಮುಟ್ಟಿಸುವ ಹುಡುಗರಿಗಾಗಿ ಕರ್ನಾಟಕ ಸರಕಾರ ಒಂದು ಕಾನೂನು ಮಾಡಿದೆ. ಅವರಿಗೆ ಸಂದಾಯವಾಗುವ ಪ್ರತಿಯೊಂದು ಮೊತ್ತದ ಮೇಲೆ ಕಂಪನಿ ನೂರಕ್ಕೆ ಒಂದರಿಂದ ಐದರವರೆಗೆ ಶುಲ್ಕವನ್ನು ಅವರ ಕಲ್ಯಾಣ ನಿಧಿಗೆ ಕಟ್ಟಬೇಕು. ಪ್ರತಿ ರಾಶಿಯಿಂದಲೂ ಒಂದು ಪಾಲು ತೆಗೆದಿಡುವ ಈ ಕ್ರಮವನ್ನು ಓದಿದಾಗ ನನಗೆ ತಾಯಿಯ ಬುಟ್ಟಿಯ ನೆನಪಾಯಿತು. ಸೇರನ್ನು ಗೋಪುರ ಮಾಡಿ ತುಂಬುತ್ತಾರೋ, ಅಂಗೈಯಿಂದ ಸವರುತ್ತಾರೋ ಇನ್ನು ಮುಂದೆ ನೋಡಬೇಕು.

ನಿಮ್ಮಲ್ಲಿ ಯಾರ ಮನೆಯಲ್ಲಿಯಾದರೂ ಅಜ್ಜಂದಿರ ಕಾಲದ ಕಿರ್ದಿ ಖತಾವಣಿ, ಮಗ್ಗದ ನೂಲಿನ ಲೆಕ್ಕದ ಚೋಪಡಿ ಉಳಿದಿದ್ದರೆ ರದ್ದಿಗೆ ಹಾಕಬೇಡಿರಿ, ನನಗೆ ತಿಳಿಸಿರಿ. ಮೋಡಿ ಲಿಪಿ ಓದಬಲ್ಲ ಹಿರಿಯರೊಬ್ಬರ ಪರಿಚಯ ನನಗಿದೆ. ಅವರಿಗೆ ಎಂಬತ್ತು ದಾಟಿದೆ.